ಕಡಲ ತಡಿಯ ಅಮದಳ್ಳಿ



ಬಯಲುಸೀಮೆಯ ನಮ್ಮ ಭಕ್ತರಲ್ಲಿ ಗೋಕರ್ಣದ ಯಾತ್ರೆಯನ್ನು ಮಾಡದವರು ವಿರಳ. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬಂದು ಅರಬೈಲ ಘಟ್ಟವನ್ನು ಇಳಿದರೆ ಅಂಕೋಲೆ. ಅಲ್ಲಿ ಎಡಕ್ಕೆ ಹೊರಳಿದವರು ಗೋಕರ್ಣವನ್ನೂ ಬಲಕ್ಕೆ ಹೊರಳಿದವರು ಕಾರವಾರವನ್ನೂ ಸೇರುತ್ತಾರೆ. ಮಹಾಬಲೇಶ್ವರನ ದರ್ಶನವಾದ ಮೇಲೆ ಮಕ್ಕಳಿಗೆ ಸಮುದ್ರವನ್ನೂ ಹಡಗುಗಳನ್ನೂ ತೋರಿಸಿಕೊಂಡು ಬರೋಣವೆಂದು ಕಾರವಾರದತ್ತ ಸಾಗುವ ಕುಟುಂಬಗಳೂ ಉಂಟು. ಅವರ್ಸಾ, ಹಾರವಾಡಗಳು ಹಿಂದೆ ಸರಿದು, ಕಾರವಾರವು ಇನ್ನು ಸುಮಾರು 15 ಕಿಲೋಮೀಟರು ಇದೆ ಎನ್ನುವಾಗ ಸಿಗುವ ಊರೇ ಅಮದಳ್ಳಿ. ಇಲ್ಲಿಯ ಶ್ರೀ ವೀರಗಣಪತಿಯ ಹೆಸರು ಈ ಸೀಮೆಯವರಿಗೆಲ್ಲ ಪರಿಚಿತವಾದುದು. ವಾಹನದ ವೇಗವನ್ನು ತಗ್ಗಿಸಿ, ಕುಳಿತಲ್ಲಿಂದಲೇ ಕೈಮುಗಿದು, ವಿಘ್ನಗಳನ್ನೆಲ್ಲ ಆತನಿಗೆ ಒಪ್ಪಿಸಿ ಮುಂದೆ ಹೋಗುವವರೇ ಹೆಚ್ಚು. ಅಮದಳ್ಳಿಯೊಡನೆ ಅವರ ಸಂಬಂಧ ಅಲ್ಲಿಗೆ ಮುಗಿಯಿತು.

ಇಂತಹ ಚಿಕ್ಕ ಊರನ್ನು ಕುರಿತು ನಮ್ಮ ಮಾಸಪತ್ರಿಕೆಯಲ್ಲಿ ಬರೆಯತಕ್ಕದ್ದೇನು ಎಂದು ತಾವು ಕೇಳಬಹುದು. ಪ್ರವಾಸದ ಕೈಪಿಡಿಗಳಲ್ಲಿ ಅಮದಳ್ಳಿಗೆ ದೊರೆಯುವುದು ಒಂದೋ ಎರಡೋ ಸಾಲು. ಆದರೆ ಈ ಊರನ್ನು ನಡುವಿಟ್ಟುಕೊಂಡು ಉತ್ತರಕ್ಕೆ ಕಾರವಾರದವರೆಗೆ, ದಕ್ಷಿಣಕ್ಕೆ ಅಂಕೋಲೆಯವರೆಗೆ ಕಣ್ಣು ಹಾಯಿಸಿದರೆ, ಕಳೆದ ನಾಲ್ಕು ಶತಮಾನಗಳಲ್ಲಿ ಇಲ್ಲಿ ನೆಲೆ ನಿಂತವರಿಗಿಂತ ನೆಲೆ ಬಿಟ್ಟು ಎದ್ದವರ ಕಥೆಯೇ ದೊಡ್ಡದೆಂಬುದು ಗೋಚರವಾಗುತ್ತದೆ. ಆ ಕಥೆಯನ್ನೇ ತಮ್ಮ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ನಮ್ಮ ಕಡೆ ಸಹ್ಯಾದ್ರಿಯೆಂದರೆ ದೂರದ ನೀಲಿ ಗೆರೆ. ಇಲ್ಲಿ ಅದರ ಕವಲುಗಳು ಕಡಲಿನವರೆಗೂ ಬಂದು ನೀರಿನಲ್ಲಿ ಕಾಲಿಳಿಬಿಟ್ಟಿವೆ. ಬೆಟ್ಟಕ್ಕೂ ಕಡಲಿಗೂ ನಡುವೆ ಉಳಿದದ್ದು ಒಂದು ಸಣ್ಣ ಪಟ್ಟಿ. ಗದ್ದೆ, ತೆಂಗಿನ ತೋಟ, ಮನೆ, ದೇವಸ್ಥಾನ, ಶಾಲೆ, ಹೆದ್ದಾರಿ, 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುದಾರಿ, ಎಲ್ಲವೂ ಇಷ್ಟರಲ್ಲಿಯೇ ಹೊಂದಿಕೊಳ್ಳಬೇಕು. ಬಯಲುನಾಡಿನಲ್ಲಿ ಒಂದು ಕಾರ್ಖಾನೆ ಬಂದರೆ ರೈತನು ನಾಲ್ಕು ಹರದಾರಿ ಆಚೆಗೆ ಹೊಲ ಹುಡುಕಿಯಾನು. ಇಲ್ಲಿ ಆಚೆಗೆ ಎಂಬುದೇ ಇಲ್ಲ. ಯಾರಾದರೂ ದೊಡ್ಡವರಿಗೆ ಜಾಗ ಬೇಕಾಯಿತೆಂದರೆ ಯಾರಾದರೂ ಸಣ್ಣವರು ಏಳಲೇಬೇಕು.

ಹೀಗೆ ದೊಡ್ಡವರು ಬರುವುದಕ್ಕೆ ಕಾರಣವಾದುದು ಇಲ್ಲಿಯ ಸಹಜ ಬಂದರು. 1638ರಲ್ಲಿ ಸರ್ ವಿಲಿಯಂ ಕೋರ್ಟನನ ಕಂಪನಿಯವರು ಕಾರವಾರದಲ್ಲಿ ಇಂಗ್ಲಿಷರ ವಖಾರಿಯನ್ನು ತೆರೆದರು. ಆಗಿನ ಕಾರವಾರವೆಂದರೆ ಈಗಿನ ಪಟ್ಟಣವಲ್ಲ. ಕಾಳಿ ನದಿಯ ದಡದಲ್ಲಿ ಒಳಗಿರುವ ಕಡವಾಡ. ಆ ವಖಾರಿಗೆ ಬೇಕಾದ ಬಟ್ಟೆ ಎಲ್ಲಿಂದ ಇಳಿದು ಬರುತ್ತಿತ್ತು ಬಲ್ಲಿರಾ? ನಮ್ಮ ಹುಬ್ಬಳ್ಳಿಯ ಪೇಟೆಯಿಂದ! ಘಟ್ಟದ ಮೇಲಿನ ನೇಕಾರರ ಮಗ್ಗದಿಂದ ಇಳಿದ ಬಟ್ಟೆ ಎತ್ತಿನ ಬೆನ್ನ ಮೇಲೆ ಈ ಕರಾವಳಿಗೆ ಬಂದು ಹಡಗನ್ನೇರುತ್ತಿತ್ತು. 1665ರಲ್ಲಿ ಶಿವಾಜಿಯು ಕಾರವಾರದಿಂದ ಕಪ್ಪವನ್ನು ಎತ್ತಿದಾಗ ಇಂಗ್ಲಿಷ್ ವರ್ತಕರ ಪಾಲಿಗೆ ಬಂದುದು 112 ಪೌಂಡು. 1673ರಲ್ಲಿ ಆತನ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗಲೂ ಇದೇ ಇಂಗ್ಲಿಷರ ಸರಕು ಹೋಯಿತು. ಘಟ್ಟದ ಮೇಲಕ್ಕೂ ಕೆಳಕ್ಕೂ ಇದ್ದ ನಂಟು ಇಂದು ನಾವು ರಜೆಯ ದಿನಗಳಲ್ಲಿ ಮಾಡಿಕೊಂಡದ್ದಲ್ಲವೆಂದು ತೋರಿಸಲು ಇಷ್ಟು ಹೇಳಿದೆವು.

ಬಳಿಕ ಸೋದೆಯ ಅರಸರ ಕಾಲ. ಕಾಳಿಯ ಮುಖದಲ್ಲಿ, ನದಿಯ ಬಡಗು ದಡದ ಗುಡ್ಡದ ಮೇಲೆ ನಿಂತಿರುವ ಸದಾಶಿವಗಡ ಅವರು ಕಟ್ಟಿಸಿದುದು. ಆ ವಂಶದ ಕಡೆಯ ಅರಸರು ವೀರಶೈವರಾಗಿದ್ದರೆಂಬುದೂ, ಅವರಲ್ಲಿ ಸದಾಶಿವರಾಯನು ಸ್ವರವಚನಗಳನ್ನು ರಚಿಸಿದ ಕವಿಯೆಂಬುದೂ ನಮ್ಮ ವಾಚಕರಲ್ಲಿ ಹಲವರಿಗೆ ತಿಳಿದಿರಬೇಕು. 1763-64ರಲ್ಲಿ ಹೈದರನ ಸೈನ್ಯ ಬಿದನೂರನ್ನು ಮುಗಿಸಿಕೊಂಡು ಸೋದೆಯ ಮೇಲೆ ಬಿದ್ದಾಗ ಇಮ್ಮಡಿ ಸದಾಶಿವನು ಗೋವೆಗೆ ಹೋಗಿ ಪೋರ್ಚುಗೀಜರ ಆಶ್ರಯವನ್ನು ಬೇಡಬೇಕಾಯಿತು. ಅವನ ಮನೆತನ ಬಾಂದೋಡೆಯಲ್ಲಿ ನೆಲೆಸಿತು. ಕೋಟೆಯನ್ನು ಕಟ್ಟಿದ ಕುಲವೇ ಪರರ ಮನೆಯ ಅನ್ನಕ್ಕೆ ಬಿದ್ದಿತು. ನೆಲ ಬಿಟ್ಟು ಎದ್ದವರ ಪಟ್ಟಿಯಲ್ಲಿ ಅರಸರೂ ಇದ್ದಾರೆ.

ದೇವರುಗಳೂ ಇದ್ದಾರೆ. ಕಾರವಾರದ ಕಡಲಿನಲ್ಲಿ ದಡದಿಂದ ಸ್ವಲ್ಪವೇ ದೂರದಲ್ಲಿ ಅಂಜುದೀವ ಎಂಬ ದ್ವೀಪವುಂಟು. 1498ರಲ್ಲಿ ವಾಸ್ಕೋ ಡ ಗಾಮನು ತಾಯ್ನಾಡಿಗೆ ಮರಳುವಾಗ ಅಲ್ಲಿ ತಂಗಿದ್ದನು. 1505ರಲ್ಲಿ ಅಲ್ಮೇಡನು ಕೋಟೆಯನ್ನು ಕಟ್ಟಿಸತೊಡಗಿದನು. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ದಂಡು, ಪೋರ್ಚುಗೀಜರು ತಡಮಾಡಿದ ಕಾರಣ, 1660ರ ದಶಕದಲ್ಲಿ ಈ ದ್ವೀಪದಲ್ಲಿ ಕಾದು ಕುಳಿತು, ಅದರಲ್ಲಿ ಹೆಚ್ಚಿನವರು ರೋಗದಿಂದ ಅಲ್ಲಿಯೇ ಮಣ್ಣಾದರು. 1961ರ ಡಿಸೆಂಬರದ ಗೋವಾ ವಿಮೋಚನೆಯಲ್ಲಿ ಇದೇ ದ್ವೀಪವನ್ನು ಗೆಲ್ಲುವಾಗ ನಮ್ಮ ಏಳು ಜನ ನೌಕಾಯೋಧರು ಪ್ರಾಣವನ್ನರ್ಪಿಸಿದರು. ಇಷ್ಟೆಲ್ಲ ಇತಿಹಾಸದ ನಡುವೆ ನಮ್ಮ ಮನಸ್ಸು ನಿಲ್ಲುವುದು ಒಂದು ಪ್ರತೀತಿಯ ಮೇಲೆ. ಅಂಕೋಲೆಯ ಶ್ರೀ ಆರ್ಯಾದುರ್ಗೆ ಮೊದಲು ಈ ದ್ವೀಪದವಳೆಂದೂ, ಪರಕೀಯರ ಕಾಲದಲ್ಲಿ ಭಕ್ತರು ದೇವಿಯನ್ನು ಕಡಲು ದಾಟಿಸಿ ತಂದು ಅಂಕೋಲೆಯಲ್ಲಿ ಪ್ರತಿಷ್ಠಾಪಿಸಿದರೆಂದೂ ಜನ ಹೇಳುತ್ತಾರೆ. ಆಮೇಲೆ ಅದೇ ದ್ವೀಪದಲ್ಲಿ ಕ್ರೈಸ್ತರ ಇಗರ್ಜಿ ಎದ್ದಿತು. ಫೆಬ್ರವರಿ 2ರ ಹಬ್ಬಕ್ಕೆ ಗೋವೆಯಿಂದ ದೋಣಿಗಳು ಬರುತ್ತಿದ್ದವು. ದ್ವೀಪವು ನೌಕಾಪಡೆಯ ಕೈಗೆ ಬಂದ ಮೇಲೆ ಆ ಯಾತ್ರೆಯೂ ನಿಂತಿತು. ಇಂದು ಅಲೆತಡೆಯ ಗೋಡೆಯೊಂದು ದ್ವೀಪವನ್ನು ನೆಲಕ್ಕೆ ಜೋಡಿಸಿದೆ. ದ್ವೀಪವೂ ದ್ವೀಪವಾಗಿ ಉಳಿಯಲಿಲ್ಲ!

ಕಾರವಾರವು ದೊಡ್ಡ ನಗರವಾಗದೆ ಉಳಿದುದಕ್ಕೂ ಘಟ್ಟದ ಮೇಲಿನ ನಾಡೇ ಕಾರಣವೆಂದರೆ ತಾವು ಆಶ್ಚರ್ಯಪಟ್ಟೀರಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಮೆರಿಕದ ಒಳಯುದ್ಧದಿಂದ ಅಲ್ಲಿಯ ಹತ್ತಿ ನಿಂತು, ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. ಆ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಹಾಕುವ ಆಸೆಯಿಂದ ಘಟ್ಟದ ರಸ್ತೆಗಳನ್ನು ಕಡಿಸಿದರು, ಹೊಸ ಪಟ್ಟಣವನ್ನು ರೂಪಿಸಿದರು. ಆದರೆ 1880ರ ದಶಕದಲ್ಲಿ ಗೋವೆಯ ಮಾರ್ಮಗೋವೆಗೆ ರೈಲು ಬಂದಿತು, ಹತ್ತಿ ಅತ್ತ ಹೋಯಿತು. ಕಾರವಾರಕ್ಕೆ ಉಳಿದುದು ಜಿಲ್ಲೆಯ ಕಚೇರಿಗಳೂ ಅದರ ಸೌಂದರ್ಯವೂ.

ಆ ಸೌಂದರ್ಯವನ್ನು ಕಂಡು ಬರೆದವರಲ್ಲಿ ಹಿರಿಯನು ರವೀಂದ್ರನಾಥ ಠಾಕೂರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣನಾಗಿ ಬಂದು ತಂಗಿದ್ದನು. ಇಲ್ಲಿ ಬರೆದ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಮರುವರ್ಷ ಪ್ರಕಟವಾಯಿತು. ಕಾರವಾರದ ಕಡಲತೀರಕ್ಕೆ ಆತನ ಹೆಸರನ್ನಿಟ್ಟಿರುವುದನ್ನು ಎಲ್ಲರೂ ಬಲ್ಲರು. ನಾಟಕದಲ್ಲಿ ಏನಿದೆಯೆಂಬುದನ್ನು ಬಲ್ಲವರು ಕಡಿಮೆ. ಅದರ ನಾಯಕನೊಬ್ಬ ಸಂನ್ಯಾಸಿ. ಗುಹೆಯಲ್ಲಿ ತಪಸ್ಸು ಮಾಡಿ, ಪ್ರಪಂಚದ ಬಂಧಗಳನ್ನೆಲ್ಲ ಗೆದ್ದೆನೆಂದು ಹೊರಬರುವನು. ಊರವರು ಮುಟ್ಟಲೊಲ್ಲದ ಒಬ್ಬ ಅನಾಥ ಬಾಲಿಕೆ ಅವನನ್ನು ಹಿಂಬಾಲಿಸುವಳು. ಅವಳ ಮೇಲೆ ಮಮತೆ ಹುಟ್ಟಿತೆಂದು ಹೆದರಿ ಅವನು ಬಿಟ್ಟು ಓಡುವನು. ಮನಸ್ಸು ತಡೆಯದೆ ಮರಳಿ ಬಂದಾಗ ಬಾಲಿಕೆ ತೀರಿಕೊಂಡಿರುವಳು. ಕಾವಿಯನ್ನು ಧರಿಸಿದ ನಮ್ಮಂತಹವರು ಓದಿ ಸುಮ್ಮನೆ ಕೆಳಗಿಡುವ ಕೃತಿಯಲ್ಲ ಅದು. ಬಿಟ್ಟು ಹೋಗುವುದರಲ್ಲಿಯೇ ಎಲ್ಲ ಹಿರಿಮೆಯೂ ಇದೆಯೆಂದು ತಿಳಿದವನಿಗೆ ಕಡಲತಡಿಯ ಆ ತರುಣನು ಹಾಕಿದ ಪ್ರಶ್ನೆ ಇನ್ನೂ ಹಳತಾಗಿಲ್ಲ.

ತಾವಾಗಿಯೇ ಬಿಟ್ಟುಕೊಟ್ಟವರ ಕಥೆಯೂ ಈ ನೆಲದಲ್ಲಿಯೇ ನಡೆದಿದೆ. ಗಾಂಧೀಜಿಯವರು ದಂಡಿಯಲ್ಲಿ ಉಪ್ಪನ್ನೆತ್ತಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾನೂನು ಮುರಿಯಿತು. ಅದರ ಬೆನ್ನಿಗೇ ಕರನಿರಾಕರಣೆಯ ಚಳವಳಿ. ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯವನ್ನು ಕೊಡಲೊಲ್ಲೆವೆಂದರು. ಸರಕಾರವು ಜಮೀನು, ದನಕರು, ಪಾತ್ರೆಪಗಡಿಗಳನ್ನು ಜಪ್ತಿ ಮಾಡಿತು. ಬೆಳೆದು ನಿಂತ ಗದ್ದೆಯನ್ನು ಕಣ್ಣಾರೆ ಕಂಡೂ ಕರ ಕೊಡದೆ ಕಳೆದುಕೊಂಡವರು ಅವರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಜಪ್ತಿಯಾದ ಭೂಮಿಯನ್ನು ಮರಳಿಸುವ ಕಾನೂನಾಯಿತು. ‘ಚುಟುಕು’ಗಳ ಕವಿ, ಅಂಕೋಲೆ ತಾಲೂಕಿನವರೇ ಆದ ದಿನಕರ ದೇಸಾಯಿಯವರು (1909-1982) ಗೇಣಿದಾರರ ಪರವಾಗಿ ಹೋರಾಡಿದುದಕ್ಕೆ 1940ರಲ್ಲಿ ಐದು ವರ್ಷ ಸ್ವಂತ ಜಿಲ್ಲೆಯಿಂದಲೇ ಗಡಿಪಾರಾದರು. ಮರಳಿ ಬಂದು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಶಾಲೆಗಳನ್ನು ಕಟ್ಟಿದರು. ಊರಿನಿಂದ ಹೊರಹಾಕಿಸಿಕೊಂಡವರು ಊರಿಗೆ ಮಾಡಿದ ಉಪಕಾರ ಅದು.

ಇನ್ನು ನಮ್ಮ ಕಾಲದ ಸಂಗತಿ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಇಲ್ಲಿ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ‘ಸೀಬರ್ಡ್’ ಎಂಬುದು ಯೋಜನೆಯ ಹೆಸರು. ಬಿಣಗಾ, ಅರ್ಗಾದಿಂದ ತೊಡಗಿ ಅಂಕೋಲೆ ತಾಲೂಕಿನವರೆಗೆ ಕಡಲಂಚಿನ ಹಳ್ಳಿಗಳ ಭೂಮಿ ಸ್ವಾಧೀನವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋಗಬೇಕಾಯಿತು. 2005ರ ಮೇ 31ರಂದು ನೆಲೆಯು ಸೇವೆಗೆ ಸೇರಿತು. ಬನವಾಸಿಯ ರಾಜವಂಶದ ನೆನಪಿಗೆ ಅದಕ್ಕೆ ‘ಕದಂಬ’ ಎಂದು ಹೆಸರಿಟ್ಟರು. ದೇಶದ ರಕ್ಷಣೆಗೆ ಇಂತಹ ನೆಲೆ ಅವಶ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎದ್ದವರೂ ಅಲ್ಲಗಳೆದುದನ್ನು ನಾವು ಕೇಳಿಲ್ಲ. ತೊಡೂರು, ಮುದಗಾ, ಹಾರವಾಡ ಮೊದಲಾದ ಕಡೆ ಪುನರ್ವಸತಿ ಕಾಲನಿಗಳಾದವು. ಅಮದಳ್ಳಿಯ ಸುತ್ತು ಹೀಗೆ ಎದ್ದುಬಂದವರ ನೆರೆಹೊರೆಯಾಯಿತು. ಹೆಚ್ಚಿನ ಪರಿಹಾರದ ವ್ಯಾಜ್ಯಗಳು ಮಾತ್ರ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದವು. ಅರ್ಜಿ ಹಾಕಿದ ತಂದೆ ತೀರಿಕೊಂಡು ಮಗನು ಕೋರ್ಟಿನ ಮೆಟ್ಟಿಲು ಹತ್ತಿದ ಮನೆಗಳು ಹಲವು.

ಮನೆಗೆ ಬದಲು ಮನೆ, ನಿವೇಶನಕ್ಕೆ ಬದಲು ನಿವೇಶನ ಸಿಕ್ಕ ಮೇಲೆ ಇನ್ನೇನು ಎನ್ನುವವರಿಗಾಗಿ ರಂಪಣಿಯ ವಿಷಯವನ್ನು ಸ್ವಲ್ಪ ವಿವರಿಸುತ್ತೇವೆ. ಮೀನಿನ ಮಾತು ಬಂದಿತೆಂದು ಸಸ್ಯಾಹಾರಿಗಳಾದ ನಮ್ಮ ವಾಚಕರು ಮೂಗು ಮುರಿಯಬಾರದು; ಅಂಬಿಗರ ಚೌಡಯ್ಯನವರನ್ನು ಶರಣರ ಸಾಲಿನಲ್ಲಿ ಕೂರಿಸಿಕೊಂಡ ಪರಂಪರೆ ನಮ್ಮದು. ರಂಪಣಿ ಎಂದರೆ ಅತಿ ಉದ್ದವಾದ ದಡದ ಬಲೆ. ಅದರ ಒಂದು ತುದಿಯನ್ನು ದಡದಲ್ಲಿ ಹಿಡಿದು, ಉಳಿದುದನ್ನು ದೋಣಿಯಲ್ಲಿ ಒಯ್ದು, ಬಂಗಡೆ ತಾರ್ಲೆಗಳ ಹಿಂಡನ್ನು ಬಿಲ್ಲಿನಾಕಾರದಲ್ಲಿ ಸುತ್ತುವರಿದು, ಮತ್ತೊಂದು ತುದಿಯನ್ನು ದಡದ ಇನ್ನೊಂದೆಡೆಗೆ ತರುವರು. ಆಮೇಲೆ ಎರಡೂ ತುದಿಗಳನ್ನು ಹತ್ತಾರು ಜನ ಕೂಡಿ ಎಳೆಯಬೇಕು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದ ಪ್ರತಿ ಕೈಗೂ ಒಂದು ಪಾಲು. 1970ರ ದಶಕದ ಕೊನೆಯಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು ರಂಪಣಿಯ ಬೆನ್ನೆಲುಬು ಆಗಲೇ ಮುರಿದಿತ್ತೆಂಬುದು ನಿಜ. ಆದರೂ ಈ ಕಸುಬಿಗೆ ಬೇಕಾದುದು ಮನೆಯಲ್ಲ. ಅಡೆತಡೆಯಿಲ್ಲದ ಉದ್ದನೆಯ ಮರಳದಂಡೆ, ಹಿಂಡು ಕಂಡೊಡನೆ ಕೂಗಿ ಕರೆದರೆ ಓಡಿಬರುವಷ್ಟು ಹತ್ತಿರದ ಕೇರಿ. ಕಾಲನಿಯ ಮನೆಗೂ ಕಡಲಿಗೂ ನಡುವೆ ಹೆದ್ದಾರಿ ಬಂದರೆ ಮನೆ ಉಳಿದೀತು, ಕೇರಿ ಉಳಿಯದು.

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಪದವಿಯವರೆಗೆ ಓದಿದ ಶಿಷ್ಯನೊಬ್ಬನು ಇಂತಹ ಕಾಲನಿಯೊಂದರಲ್ಲಿ ವಾಸವಾಗಿದ್ದಾನೆ; ಪ್ರಾಥಮಿಕ ಶಾಲೆಯ ಶಿಕ್ಷಕ. ಅವನ ಮನೆತನ ಬಲೆಯ ಕಸುಬಿನದು. ಕಾರವಾರಕ್ಕೆ ಒಂದು ಕಾರ್ಯಕ್ರಮಕ್ಕೆ ಹೋದಾಗ, “ಬುದ್ಧೀ, ನಮ್ಮ ಮನೆಗೆ ಪಾದ ಬೆಳೆಸಬೇಕು” ಎಂದು ಒತ್ತಾಯಿಸಿ ಕರೆದೊಯ್ದನು. ಗಾರೆಯ ಅಚ್ಚುಕಟ್ಟಾದ ಮನೆ, ಮುಂದೊಂದು ತುಳಸಿಕಟ್ಟೆ. ಅವನ ವೃದ್ಧ ತಾಯಿ ಎಳನೀರನ್ನು ಮುಂದಿಟ್ಟು ನೆಲದ ಮೇಲೆ ಕುಳಿತರು. ಹಳೆಯ ಊರಿನ ಮಾತು ತಾನಾಗಿಯೇ ಬಂದಿತು. ಕಡಲತಡಿಯ ಮರಳಿಗೆ ಇಲ್ಲಿಯವರು ‘ಬೇಲೆ’ ಎನ್ನುತ್ತಾರೆ. ಊರು ಬಿಡುವ ಮೊದಲು ಬಂದವರು ತೆಂಗಿನ ಮರಗಳನ್ನು ಎಣಿಸಿದರು, ಮಾವು ಹಲಸುಗಳನ್ನು ಎಣಿಸಿದರು, ಬಾವಿಯನ್ನು ಬರೆದುಕೊಂಡರು. ಎಣಿಕೆಯೇನೋ ಸರಿಯಾಗಿಯೇ ಇತ್ತು ಎಂದು ಆ ತಾಯಿ ಹೇಳಿದರು. “ಬೇಲೆ ಮಾತ್ರ ಯಾರ ಹೆಸರಿನಲ್ಲೂ ಇರಲಿಲ್ಲ ಸ್ವಾಮೀ, ಅದನ್ನು ಹೇಗೆ ಎಣಿಸಿಯಾರು?” ಬಲೆ ಒಣಗಿಸಿದ್ದು, ಮೀನು ಹರವಿದ್ದು, ಮಕ್ಕಳು ಬೆಳೆದದ್ದು, ಮದುವೆಯ ದಿಬ್ಬಣ ಇಳಿದದ್ದು ಎಲ್ಲವೂ ಆ ಮರಳಿನ ಮೇಲೆ. ಪಹಣಿಪತ್ರಿಕೆಯಲ್ಲಿ ಅದಕ್ಕೊಂದು ಕಲಮು ಇಲ್ಲ.

ಊರಿನ ಜಟಕ, ಮಾಸ್ತಿ, ಬೀರ ದೇವರುಗಳನ್ನು ಏನು ಮಾಡಿದಿರಿ ಎಂದು ಕೇಳಿದೆವು. ಶಿಷ್ಯನು ಉತ್ತರಿಸಿದನು: ಕೆಲವನ್ನು ತಂದರು, ಕಾಲನಿಯಲ್ಲಿ ಜಾಗ ಮಾಡಿ ನಿಲ್ಲಿಸಿದರು. ಒಂದು ಮರದ ಬುಡದ ದೇವರನ್ನು ಮಾತ್ರ ತರಲಾಗಲಿಲ್ಲ, ಯಾಕೆಂದರೆ ಅಲ್ಲಿ ಕಲ್ಲೇ ಇರಲಿಲ್ಲ, ಮರವೇ ದೇವರು. ಅಷ್ಟು ಹೇಳಿ ಅವನು ನಮ್ಮ ಮುಖವನ್ನೇ ನೋಡಿದನು. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಗುರುಗಳ ಬಳಿ ಆಗಮಗಳನ್ನೂ ಓದಿದ ನಮ್ಮಲ್ಲಿ ಅವನ ನೋಟಕ್ಕೆ ಸಿದ್ಧವಾದ ಉತ್ತರವಿರಲಿಲ್ಲ. ಸ್ಥಾವರ ಜಂಗಮಗಳ ವಿಷಯದಲ್ಲಿ ನಾವು ಎಷ್ಟು ಉಪನ್ಯಾಸ ಮಾಡಿಲ್ಲ! ನಾವು ಹುಟ್ಟಿದ ಮನೆಯನ್ನು ಬಿಟ್ಟಾಗ ಊರೇ ಸೇರಿ ಮೆರವಣಿಗೆ ಮಾಡಿತ್ತು. ಹೋಗುವವರಿಗೆ ಹೊಸ ಹೆಸರು, ಹೊಸ ಪೀಠ, ಕಾಲಿಗೆರಗುವ ಜನ. ಈ ತಾಯಿ ಮನೆ ಬಿಟ್ಟಾಗ ಲಾರಿಯೊಂದು ಬಂದಿತ್ತು. ಎರಡಕ್ಕೂ ‘ತ್ಯಾಗ’ ಎಂಬ ಒಂದೇ ಶಬ್ದವನ್ನು ಸಭೆಗಳಲ್ಲಿ ಬಳಸುವುದನ್ನು ಕೇಳಿದಾಗ ನಮಗೆ ಸಂಕೋಚವಾಗುತ್ತದೆ. ಕೊಟ್ಟವರ ತ್ಯಾಗ ಬೇರೆ, ಕೊಡಲೇಬೇಕಾಗಿ ಬಂದವರ ನಷ್ಟ ಬೇರೆ. ಎರಡನೆಯದಕ್ಕೆ ಹೊಗಳಿಕೆ ಸಾಲದು, ಸಲ್ಲಬೇಕಾದುದು ಸಕಾಲಕ್ಕೆ ಸಲ್ಲಬೇಕು.

ಉತ್ತರ ಕನ್ನಡಕ್ಕೆ ಇದು ಹೊಸತಲ್ಲ. ಕಾಳಿಯ ಅಣೆಕಟ್ಟಿಗಾಗಿ ಸೂಪಾ ಎಂಬ ಊರು 1980ರ ದಶಕದಲ್ಲಿ ನೀರಿನಡಿಗೆ ಸೇರಿತು. ಮೊನ್ನೆಮೊನ್ನೆ, 2024ರ ಜುಲೈ 16ರಂದು, ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಚಹದ ಅಂಗಡಿಯನ್ನೂ ಅದರಲ್ಲಿದ್ದವರನ್ನೂ ಗಂಗಾವಳಿಗೆ ತಳ್ಳಿತು. ಹೊಳೆಯ ಆಚೆ ದಡದ ಉಳುವರೆಯ ಮನೆಗಳೂ ನೀರಿನ ಹೊಡೆತಕ್ಕೆ ಬಿದ್ದವು. ಗೋಕರ್ಣಕ್ಕೆ ತಾವು ಹೋಗುವುದು ಆ ದಾರಿಯಲ್ಲಿಯೇ. ಅಗಲವಾದ ದಾರಿಯ ಸುಖವನ್ನು ಅನುಭವಿಸುವವರು ಅದನ್ನು ಎಲ್ಲಿ ಕಡಿದು ಮಾಡಿದರೆಂಬುದನ್ನೂ ಒಮ್ಮೆ ನೋಡಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಅಮದಳ್ಳಿಯ ಸೀಮೆಯಲ್ಲಿ ದುಃಖವೊಂದೇ ಇದೆಯೆಂದು ತಾವು ಭಾವಿಸಬಾರದು. ವೀರಗಣಪತಿಯ ಸನ್ನಿಧಿಯಲ್ಲಿ ವಾಹನದಿಂದ ಇಳಿಯಿರಿ. ಕುಳಿತಲ್ಲಿಂದ ಕೈಮುಗಿದರೆ ಸಾಲದು. ಕಾರವಾರದ ತೀರದಲ್ಲಿ ‘ಚಪಲ’ ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ, ಮಕ್ಕಳಿಗೆ ತೋರಿಸಿರಿ. ಸದಾಶಿವಗಡದ ಗುಡ್ಡದಿಂದ ಕಾಳಿಯು ಕಡಲನ್ನು ಸೇರುವುದನ್ನು ಸಂಜೆ ನೋಡಬೇಕು. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಜಾತ್ರೆ ನಡೆಯುತ್ತದೆ. ಹೋಗುವವರು ದೋಣಿಯಲ್ಲಿ ಮಿತಿಮೀರಿ ಜನ ಹತ್ತಿದ್ದರೆ ಇಳಿದುಬಿಡಿರಿ, 2019ರ ಜನವರಿಯ ದುರಂತವನ್ನು ಮರೆಯಬಾರದು. ಬೇಸಿಗೆಯಲ್ಲಿ ಬಂದರೆ ಅಂಕೋಲೆಯ ಕರಿ ಈಶಾಡು ಮಾವಿನ ಹಣ್ಣನ್ನು ತಿನ್ನದೆ ಹೋಗಬೇಡಿರಿ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಘಟ್ಟದ ಮೇಲೆ ನಾವು ಹೊಗಳುವ ಆಪೂಸನ್ನು ಅಂಕೋಲೆಯವರ ಮುಂದೆ ಮಾತ್ರ ಹೊಗಳಬಾರದು.

ಅಮದಳ್ಳಿಗೆ ಹೊಂದಿಕೊಂಡೇ ಮುದಗಾ ಬಂದರು. ಎದ್ದುಬಂದ ಮೀನುಗಾರರಿಗಾಗಿ ಮಾಡಿದ ಬಂದರು ಇದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಮಳೆ ಜೋರು, ಪ್ರವಾಸಿಗರು ಕಡಿಮೆ. ಹೊದಿಕೆ ಹೊದಿಸಿದ ದೋಣಿಗಳ ನಡುವೆ ಬಲೆಯ ಹರಕನ್ನು ಹೆಣೆಯುತ್ತ ಜನ ಕುಳಿತಿರುತ್ತಾರೆ. ಮಾತಾಡಲು ಅವರಿಗೂ ವೇಳೆ ಇರುತ್ತದೆ. ಯಾವ ಊರು ಎಂದು ಕೇಳಿದರೆ ಮೊದಲು ಕಾಲನಿಯ ಹೆಸರನ್ನು ಹೇಳುತ್ತಾರೆ. ತಾವು ಇನ್ನೂ ನಿಂತಿರುವುದನ್ನು ಕಂಡರೆ, ಬಲೆಯಿಂದ ತಲೆಯೆತ್ತಿ, ಊರಿನ ಹೆಸರನ್ನು ಹೇಳುತ್ತಾರೆ.